ಅಪ್ಪನ ಮನೆಗೆ ಹೋದ ವೀಕೆಂಡ್

ಹೈವೇಯಲ್ಲಿ ದೊಡ್ಡ ಟ್ರಕ್ ಪಕ್ಕಕ್ಕೆ ಬಂದರೆ ನಾನು ಅದರ ಜೊತೆ ಮಾತಾಡುತ್ತೇನೆ. "ಹೋಗಪ್ಪಾ, ನೀನು ಮುಂದೆ ಹೋಗು, ನಂಗೇನೂ ಅವಸರ ಇಲ್ಲ" ಅಂತ, ಮದುವೆ ಮನೆಯ ಊಟದ ಹಾಲಿನಲ್ಲಿ ಹಿರಿಯರಿಗೆ ದಾರಿ ಬಿಡುವ ಹಾಗೆ. ಮೊನ್ನೆ ಮಗಳು ಅನಘಾ ಪಕ್ಕದ ಸೀಟಿನಲ್ಲಿದ್ದಳು. ಈಗ ಅವಳಿಗೆ ಕೆಲಸ ಸಿಕ್ಕಿ, ಸ್ವಂತ ಕಾರು ಬಂದು, ತಾಯಿಯ ಡ್ರೈವಿಂಗ್ ಬಗ್ಗೆ ಅಭಿಪ್ರಾಯಗಳೂ ಬಂದಿವೆ. "ಅಮ್ಮ, ಹಿ ಕಾಂಟ್ ಹಿಯರ್ ಯು" ಅಂದಳು. ಕೇಳಿಸದಿದ್ದರೆ ಬೇಡ, ಹೇಳುವುದು ನನ್ನ ಕೆಲಸ ಅಂದೆ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಈ ಅಭ್ಯಾಸ ನನಗೆ ಎಲ್ಲಿ ಅಂಟಿಕೊಂಡಿತು ಅಂತ ಅವಳಿಗೆ ಗೊತ್ತಿಲ್ಲ. ಆಗ ಅವಳು ಹಿಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು.

ಚಕ್ರ ಇರುವ ಯಾವ ವಸ್ತುವಿಗೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ ಹತ್ತಿರ ಗಂಟೆಗಿಷ್ಟು ಅಂತ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ನಾನು ಅಲ್ಲಿಂದ ಸೈಕಲ್ ತಂದು ಮೈದಾನದಲ್ಲಿ ಹತ್ತುವುದನ್ನೂ ತುಳಿಯುವುದನ್ನೂ ಕಲಿತೆ, ಇಳಿಯುವುದನ್ನು ಮಾತ್ರ ಕಲಿಯಲಿಲ್ಲ. ಸುತ್ತು ಹೊಡೆಯುತ್ತಲೇ ಇರುತ್ತಿದ್ದೆ. ನನ್ನ ಅಣ್ಣ ಕ್ರಿಕೆಟ್ ಆಟದ ನಡುವೆ ಬಂದು ಕ್ಯಾರಿಯರ್ ಹಿಡಿದು ನಿಲ್ಲಿಸಿದರೆ ಉಂಟು, ಇಲ್ಲದಿದ್ದರೆ ಬೇಲಿಯೇ ಗತಿ. ಇಂಥವಳು ಅಮೆರಿಕಕ್ಕೆ ಬಂದು ಡ್ರೈವಿಂಗ್ ಲೈಸೆನ್ಸ್ ತಗೊಂಡಳು ಅಂದರೆ ಅದು ಮಿಷಿಗನ್ ರಾಜ್ಯದ ದೊಡ್ಡ ಮನಸ್ಸು. ಲೈಸೆನ್ಸ್ ಬಂದ ಮೇಲೂ ನಾನು ಹೈವೇ ಹತ್ತಲಿಲ್ಲ. ನಾರ್ತ್‌ವಿಲ್‌ನ ನಮ್ಮ ಬಡಾವಣೆ, ಮಗಳ ಸ್ಕೂಲು, ನೋವೈನ ಇಂಡಿಯನ್ ಅಂಗಡಿ, ಲೈಬ್ರರಿ, ಇಷ್ಟೇ ನನ್ನ ಭೂಪಟ. ಎಲ್ಲವೂ ಒಳರಸ್ತೆಯಲ್ಲೇ ಸಿಗುತ್ತಿದ್ದವು.

ನಾನು ಹೇಳುತ್ತಿರುವುದು ರಿಸೆಶನ್ ಕಾಲದ ಮಾತು. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳೇ ತತ್ತರಿಸುತ್ತಿದ್ದವು. ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಂಪನಿಗಳ ಪಾಡು ಕೇಳುವುದೇ ಬೇಡ. ಅಂಥ ಒಂದರಲ್ಲಿ ಇವರು, ಅಂದರೆ ನನ್ನ ಗಂಡ ರಘು, ಇಂಜಿನಿಯರ್ ಆಗಿದ್ದರು. ಒಂದು ಮಂಗಳವಾರ ಮಧ್ಯಾಹ್ನ ಆಫೀಸಿನ ಮೇಜಿನ ಮೇಲಿನ ಸಾಮಾನನ್ನೆಲ್ಲ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಬಂದರು. ಮಗಳು ಅದರಲ್ಲಿ ತನಗೇನೋ ತಂದಿದ್ದಾರೆ ಅಂತ ಕುಣಿದಳು. ಇವರು ಸ್ಟೇಪ್ಲರ್ ತೆಗೆದು ಅವಳ ಕೈಗೆ ಕೊಟ್ಟರು.

ಕೆಲವು ತಿಂಗಳ ಮೇಲೆ ಶಿಕಾಗೋ ಕಡೆ ಒಂದು ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಆರು ತಿಂಗಳಿಗೆ ಅಂತ ಹೇಳಿದ್ದರು, ಮುಂದೆ ಏನೋ ಗೊತ್ತಿಲ್ಲ. ನಾರ್ತ್‌ವಿಲ್ ಮನೆ ಮಾರೋಣ ಅಂದರೆ ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳ ಮುಂದೆ ಮಾರಾಟದ ಬೋರ್ಡು. ಮಗಳು ಆಗಷ್ಟೇ ಕಿಂಡರ್‌ಗಾರ್ಟನ್ ಸೇರಿದ್ದಳು. ಮಗ ಚಿನ್ಮಯನಿಗೆ ಮೂರು ವರ್ಷ. ಹಾಗಾಗಿ ನಾವು ಇಲ್ಲಿ, ಇವರು ಅಲ್ಲಿ ಅಂತ ಆಯಿತು. ವುಡ್‌ರಿಡ್ಜ್‌ನಲ್ಲಿ ಒಬ್ಬ ಕನ್ನಡದ ಡಾಕ್ಟರಮ್ಮನ ಮನೆಯ ಬೇಸ್‌ಮೆಂಟಿನಲ್ಲಿ ಒಂದು ರೂಮು ಹಿಡಿದರು. ಶುಕ್ರವಾರ ಕೆಲಸ ಮುಗಿಸಿ ಹೊರಟು, ನಾವು ಊಟ ಮುಗಿಸುವ ಹೊತ್ತಿಗೆ ಬರುತ್ತಿದ್ದರು. ಭಾನುವಾರ ಮಧ್ಯಾಹ್ನ ಕಾಫಿ ಕುಡಿದು ಹೊರಡುತ್ತಿದ್ದರು.

ನಾನು ಚಿಕ್ಕವಳಾಗಿದ್ದಾಗ ವೀಕೆಂಡ್ ಅನ್ನುವ ಮಾತೇ ಇರಲಿಲ್ಲ. ಭಾನುವಾರ ಇತ್ತು. ಭಾನುವಾರ ಅಂದರೆ ಎಣ್ಣೆ ಸ್ನಾನ. ಅಜ್ಜಿ ನಮ್ಮನ್ನೆಲ್ಲ ಸಾಲಾಗಿ ಮಣೆ ಮೇಲೆ ಕೂರಿಸಿ ತಲೆ ಮೇಲೆ ಹರಳೆಣ್ಣೆ ತಟ್ಟುತ್ತಿದ್ದರು. ಸೀಗೆಪುಡಿ ಕಣ್ಣಿಗೆ ಹೋಗಿ, ಅತ್ತು, ಮಧ್ಯಾಹ್ನ ಹುಳಿಯನ್ನ ತಿಂದು ಎಲ್ಲರೂ ಚಾಪೆ ಮೇಲೆ ಉರುಳಿಕೊಂಡರೆ ಭಾನುವಾರ ಮುಗಿಯಿತು. ಅಪ್ಪ ಅಲ್ಲೇ ಎಲ್ಲೋ ಪೇಪರ್ ಮುಖದ ಮೇಲೆ ಹಾಕಿಕೊಂಡು ಮಲಗಿರುತ್ತಿದ್ದರು. ಅಪ್ಪ ಮನೆಯಲ್ಲಿ ಇರುವುದು ಒಂದು ವಿಶೇಷ ಅಂತ ನಮಗೆ ಯಾವತ್ತೂ ಅನಿಸಲಿಲ್ಲ.

ನನ್ನ ಮಕ್ಕಳಿಗೆ ಅದು ವಿಶೇಷವೇ ಆಗಿಬಿಟ್ಟಿತ್ತು. ಶಿಕಾಗೋ ನಮಗಿಂತ ಒಂದು ಗಂಟೆ ಹಿಂದೆ ಅನ್ನುವುದನ್ನು ಇವರು ಮಗಳಿಗೆ ಫೋನಿನಲ್ಲಿ ವಿವರಿಸಿದ್ದರು. ಅವಳು ಅದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡು ತಮ್ಮನಿಗೆ ಹೇಳಿಕೊಟ್ಟಳು. ಅಪ್ಪನ ಮನೆಯಲ್ಲಿ ಒಂದು ಗಂಟೆ ಜಾಸ್ತಿ ಇರುತ್ತೆ, ಇಲ್ಲಿಗೆ ಬರುವಾಗ ಅಪ್ಪ ಅದನ್ನು ದಾರಿಯಲ್ಲಿ ಕಳೆದುಕೊಂಡು ಬರುತ್ತಾರೆ, ವಾಪಸ್ ಹೋಗುವಾಗ ಅದು ಅವರಿಗೆ ಮತ್ತೆ ಸಿಗುತ್ತೆ. ಲೆಕ್ಕ ಸರಿಯಾಗಿಯೇ ಇತ್ತು. ಆ ಸಿಕ್ಕಿದ ಗಂಟೆಯನ್ನು ಇವರು ಒಬ್ಬರೇ ಏನು ಮಾಡುತ್ತಾರೆ ಅನ್ನುವುದನ್ನು ಮಾತ್ರ ನಾವು ಯಾರೂ ಕೇಳಲಿಲ್ಲ.

ನವೆಂಬರ್‌ನಲ್ಲಿ ಅನಘಾಳ ಮುಂದಿನ ಹಲ್ಲು ಅಲ್ಲಾಡತೊಡಗಿತು. ಮೊದಲ ಹಲ್ಲು. ಬುಧವಾರದ ಹೊತ್ತಿಗೆ ಅದು ಒಂದು ಎಳೆಯಲ್ಲಿ ನೇತಾಡುತ್ತಿತ್ತು. ನಾನು ಮುಟ್ಟಲು ಹೋದರೆ ಬಾಯಿ ಮುಚ್ಚಿಕೊಂಡಳು. ಅಪ್ಪ ಶುಕ್ರವಾರ ಬರುತ್ತಾರೆ, ಅಪ್ಪನೇ ಕೀಳಬೇಕು ಅಂತ ಹಟ. ಎರಡು ದಿನ ಮೊಸರನ್ನ ತಿಂದುಕೊಂಡು ಹಲ್ಲನ್ನು ಕಾಪಾಡಿದಳು.

ಗುರುವಾರ ಇವರು ಫೋನ್ ಮಾಡಿ, ಸ್ವಲ್ಪ ಬೆನ್ನು ಹಿಡಿದುಕೊಂಡಿದೆ, ಈ ವಾರ ಬರುವುದು ಕಷ್ಟ ಅಂದರು. ಸ್ವಲ್ಪ ಅಂದರೆ ಎಷ್ಟು ಅಂತ ಕೇಳಿದೆ. ಸ್ವಲ್ಪವೇ ಅಂದರು. ಫೋನ್ ಇಟ್ಟು ಅರ್ಧ ಗಂಟೆಯಾಗಿರಲಿಲ್ಲ, ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆ ಮನೆಯ ಡಾಕ್ಟರಮ್ಮ, ಶಾಂತಾ ಆಂಟಿ. ಧಾರವಾಡದವರು, ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು, ಆಸ್ಪತ್ರೆಯ ಲ್ಯಾಬಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರು. ಭಾಳ ಸ್ಟ್ರಿಕ್ಟು, ಬೇಸ್‌ಮೆಂಟಿನಲ್ಲಿ ಒಗ್ಗರಣೆ ಹಾಕಕೂಡದು ಅಂತ ರೂಲ್ಸ್ ಮಾಡಿದ್ದಾರೆ ಅಂತ ಇವರು ಹೇಳಿದ್ದರಿಂದ ನನಗೆ ಅವರ ಬಗ್ಗೆ ನೋಡುವ ಮೊದಲೇ ಹೆದರಿಕೆ.

"ನಿಮ್ಮ ಮನಿಯವ್ರಿಗೆ ಎದ್ದು ಕೂಡ್ಲಿಕ್ಕೂ ಆಗವಲ್ದು," ಅಂದರು ಆಂಟಿ, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ. "ಗಾಬರಿ ಆಗೂದೇನಿಲ್ಲ, ಸ್ನಾಯು ಹಿಡಕೊಂಡದ. ಆದ್ರ ನಿಮಗ ಗೊತ್ತಿರ್ಲಿ ಅಂತ ಹೇಳಿದೆ. ನಾ ಹೇಳೇನಿ ಅಂತ ಅವರ ಮುಂದ ಹೇಳಬ್ಯಾಡ್ರಿ."

ಹಿಂದಿನ ದಿನ ಬಟ್ಟೆಯ ಬುಟ್ಟಿ ಎತ್ತಿಕೊಂಡು ಬೇಸ್‌ಮೆಂಟ್ ಮೆಟ್ಟಿಲು ಇಳಿಯುವಾಗ ಆದದ್ದಂತೆ. ರಜಾ ಹಾಕಿದರೆ ಕಾಂಟ್ರಾಕ್ಟಿಗೆ ತೊಂದರೆ ಅಂತ ಲ್ಯಾಪ್‌ಟಾಪನ್ನು ಎದೆ ಮೇಲೆ ಇಟ್ಟುಕೊಂಡು ಮಲಗಿಕೊಂಡೇ ಕೆಲಸ ಮಾಡುತ್ತಿದ್ದರಂತೆ.

ನಾನು ಫೋನ್ ಇಟ್ಟು ಚಪಾತಿ ಹಿಟ್ಟು ಕಲೆಸಲು ಶುರು ಮಾಡಿದೆ. ಚಪಾತಿ ಯಾರಿಗೆ ಅಂತ ಆಗ ನನಗೇ ಸ್ಪಷ್ಟವಿರಲಿಲ್ಲ. ಕೈ ಮೊದಲು ತೀರ್ಮಾನ ಮಾಡಿತ್ತು. ನಾಳೆ ಅಪ್ಪ ಬರುವುದಿಲ್ಲ ಅಂತ ಮಗಳಿಗೆ ಹೇಳಿದಾಗ ಅವಳು ಅಳಲಿಲ್ಲ. "ದೆನ್ ವಿ ಗೋ" ಅಂದಳು, ಬಹಳ ಸುಲಭದ ವಿಷಯ ಅನ್ನುವ ಹಾಗೆ.

ಅವಳ ಸ್ಕೂಲು ಅರ್ಧ ದಿನ. ಶುಕ್ರವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ಸ್ಕೂಲಿನಿಂದಲೇ ಹೊರಟೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದರು, ಬೇಡ ಅಂದಿದ್ದರೆ ನಾನು ಖುಷಿಯಿಂದ ಒಪ್ಪಿಬಿಡುತ್ತಿದ್ದೆ. ಆ್ಯನ್ ಆರ್ಬರ್ ದಾಟಿ ಐ-ತೊಂಬತ್ತನಾಲ್ಕು ಹೈವೇಗೆ ಸೇರುವಾಗ ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಬಲಗಡೆಯ ಲೇನ್ ಹಿಡಿದವಳು ಅದನ್ನು ಬಿಡಲಿಲ್ಲ. ಜಿಪಿಎಸ್‌ನಲ್ಲಿ ಮಾತಾಡುವ ಹೆಂಗಸನ್ನು ಮಕ್ಕಳು ಜಿಪಿಎಸ್ ಆಂಟಿ ಅನ್ನುತ್ತಿದ್ದರು. ಆ ಆಂಟಿಯ ಶಾಂತವಾದ ದನಿ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಕಲಮಜೂಗೆ ಮೊದಲು ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಕೈಯನ್ನು ಸ್ಟೀರಿಂಗಿನಿಂದ ಬಿಡಿಸಿಕೊಳ್ಳುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ವ್ಯಾನಿನಲ್ಲೇ ಕೂತು ಚಪಾತಿ ರೋಲ್ ತಿನ್ನುತ್ತಿದ್ದೆವು. ಅನಘಾ ಇದ್ದಕ್ಕಿದ್ದಂತೆ ಅಗಿಯುವುದನ್ನು ನಿಲ್ಲಿಸಿ ಬಾಯಿಯಿಂದ ಹಲ್ಲನ್ನು ತೆಗೆದಳು. ಅಂಗೈ ಮೇಲೆ ಅದನ್ನು ನೋಡಿ ಅವಳ ಮುಖ ಸಣ್ಣಗಾಯಿತು. ನೋವಿಗಲ್ಲ. ಅಪ್ಪ ಕೀಳಬೇಕಾಗಿದ್ದ ಹಲ್ಲು ಚಪಾತಿಗೆ ಬಿದ್ದುಹೋಗಿತ್ತು. ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು ತೋರಿಸೋಣ ಅಂದೆ. ಅವಳು ಯೋಚನೆ ಮಾಡಿದಳು. ಆಮೇಲೆ ಹಲ್ಲನ್ನು ವಾಪಸ್ ಬಾಯಿಗೆ ಹಾಕಿಕೊಂಡು, ಅದೇ ಜಾಗದಲ್ಲಿ ನಾಲಗೆಯಿಂದ ಒತ್ತಿ ಹಿಡಿದು, ತುಟಿ ಮುಚ್ಚಿಕೊಂಡಳು. ಉಗಿ ಅಂದೆ, ಗದರಿದೆ, ನುಂಗಿಬಿಡ್ತೀಯಾ ಅಂತ ಹೆದರಿಸಿದೆ. ತಲೆ ಅಲ್ಲಾಡಿಸಿದಳು ಅಷ್ಟೆ.

ಅಲ್ಲಿಂದ ವುಡ್‌ರಿಡ್ಜ್‌ವರೆಗೆ ನನ್ನ ಮಾತುಗಾತಿ ಮಗಳು ಒಂದು ಮಾತೂ ಆಡಲಿಲ್ಲ. ಇಂಡಿಯಾನಾ ಗಡಿ ದಾಟುವಾಗ, ಒಂದು ಗಂಟೆ ಸಿಕ್ತು ನೋಡಿ ಅಂದೆ. "ಮ್ಮ್" ಅಂದಳು. ಗ್ಯಾರಿ ಹತ್ತಿರ ಚಿಮಣಿಗಳ ಹೊಗೆಯ ನಡುವೆ ನಾಲ್ಕೂ ಕಡೆ ಟ್ರಕ್ಕುಗಳು ನಮ್ಮ ಸಣ್ಣ ವ್ಯಾನನ್ನು ಸುತ್ತುವರಿದಾಗ ನಾನು ಜೋರಾಗಿ ವೆಂಕಟೇಶಾ ಅಂದೆ. ಹಿಂದಿನಿಂದ ಚಿನ್ಮಯ, "ಹೂ ಈಸ್ ವೆಂಕಟೇಶ?" ಅಂತ ಕೇಳಿದ. ಆ ಮಗುವಿಗೆ ಬಾಲಾಜಿ ಅಂದರೆ ಮಾತ್ರ ಗೊತ್ತಿತ್ತು.

ಕತ್ತಲಾಗುವ ಹೊತ್ತಿಗೆ ತಲುಪಿದೆವು. ಬಾಗಿಲು ತೆರೆದವರು ಗಿಡ್ಡ ಕೂದಲಿನ, ಸ್ವೆಟರ್ ಹಾಕಿಕೊಂಡ, ಎತ್ತರದ ಹೆಂಗಸು. ನನ್ನನ್ನು ನೋಡಿದರು, ಮಕ್ಕಳನ್ನು ನೋಡಿದರು, ನನ್ನ ಹಿಂದೆ ಬೇರೆ ಯಾರಾದರೂ ಡ್ರೈವರ್ ಇದ್ದಾರಾ ಅಂತ ನೋಡಿದರು.

"ಒಬ್ಬಾಕಿನ ಬಂದ್ರೇನು? ಬರ್ರಿ, ಒಳಗ ಬರ್ರಿ, ಥಂಡಿ ಭಾಳ ಅದ" ಅಂದವರು ಚಿನ್ಮಯನನ್ನು ಎತ್ತಿಕೊಂಡು ಮುಂದೆ ನಡೆದರು. ನಡೆಯುತ್ತಲೇ, ಚಳಿಗಾಲದಲ್ಲಿ ಡ್ರೈವ್‌ವೇ ಮೇಲಿನ ಸ್ನೋ ಎತ್ತಲಿಕ್ಕೆ ಒಬ್ಬ ಗಂಡಸು ಇರಲಿ ಅಂತ ಬಾಡಿಗೆಗೆ ಇಟ್ಟುಕೊಂಡೆ, ಈಗ ಅವರನ್ನೇ ನಾನು ಎತ್ತುವ ಹಾಗಾಯಿತು ಅಂತ ಅವರ ಧಾರವಾಡದ ಮಾತಿನಲ್ಲಿ ಹೇಳಿದರು. ನನಗೆ ನಗು ಬಂತು. ಐದು ಗಂಟೆಗಳಿಂದ ಹಿಡಿದುಕೊಂಡಿದ್ದ ಉಸಿರೂ ಬಂತು.

ಬೇಸ್‌ಮೆಂಟಿನ ಮೆಟ್ಟಿಲು ಇಳಿದರೆ ಇವರು ಕಾರ್ಪೆಟ್ ಮೇಲೆ ಅಂಗಾತ ಮಲಗಿ ಕಾಲುಗಳನ್ನು ಕುರ್ಚಿಯ ಮೇಲೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ. ಗೋಡೆಗೆ ಮಕ್ಕಳು ಬರೆದುಕೊಟ್ಟ ಚಿತ್ರಗಳು, ಟೇಪ್ ಹಚ್ಚಿ ಅಂಟಿಸಿದ್ದು, ಮಲಗಿದವರಿಗೆ ಕಾಣುವಷ್ಟು ಕೆಳಗೆ. ರೂಮು ಚೆನ್ನಾಗಿದೆ, ಎಲ್ಲಾ ಇದೆ ಅಂತ ಇವರು ಫೋನಿನಲ್ಲಿ ಹೇಳುತ್ತಿದ್ದ ರೂಮು ಇದು.

ನಮ್ಮನ್ನು ನೋಡಿ ಏಳಲು ಹೋದರು, ಆಗಲಿಲ್ಲ. ಅನಘಾ ಓಡಿಹೋಗಿ ಅಪ್ಪನ ಪಕ್ಕದಲ್ಲಿ ಅಂಗಾತ ಮಲಗಿ, ಬಾಯಿ ತೆರೆದು ಬೆರಳು ತೋರಿಸಿದಳು. ಇವರು ಮಲಗಿದ್ದ ಹಾಗೇ ಕೈ ಚಾಚಿ ಎರಡು ಬೆರಳಿನಿಂದ ಹಲ್ಲನ್ನು ಹಿಡಿದು ಮೆಲ್ಲಗೆ ಎಳೆದರು.

"ಅರೆ, ಎಷ್ಟು ಸುಲಭವಾಗಿ ಬಂತು" ಅಂದರು ಆಶ್ಚರ್ಯದಿಂದ. ನಾನು ಹಿಂದಿನಿಂದ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಅರ್ಥವಾಯಿತೋ ಇಲ್ಲವೋ, ಇವರು ಹಲ್ಲನ್ನು ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸೂರು ನೋಡುತ್ತಿದ್ದರು. ಕಣ್ಣಿನ ಅಂಚಿನಿಂದ ಕಿವಿಯ ಕಡೆಗೆ ನೀರು ಇಳಿಯಿತು. ಅಂಗಾತ ಮಲಗಿದವರಿಗೆ ಮುಖ ತಿರುಗಿಸುವ ಅನುಕೂಲವೂ ಇರುವುದಿಲ್ಲ.

ಶನಿವಾರದ ಬಗ್ಗೆ ಏನು ಹೇಳಲಿ? ಏನೂ ಆಗಲಿಲ್ಲ, ಅದಕ್ಕೇ ಅದು ಅಷ್ಟು ಚೆನ್ನಾಗಿತ್ತು. ಚಿನ್ಮಯ ತನ್ನ ಆಟದ ಕಾರುಗಳಿಗೆ ಅಪ್ಪನ ಹೊಟ್ಟೆಯನ್ನೇ ಗುಡ್ಡ ಮಾಡಿಕೊಂಡ. ಆಂಟಿ ಮೇಲಿನಿಂದ ಜೋಳದ ರೊಟ್ಟಿ, ಎಣ್ಣೆಗಾಯಿ ಕಳಿಸಿದರು. ಇಷ್ಟು ತಿಂಗಳೂ ಇವರ ರಾತ್ರಿ ಊಟ ಮೇಲಿನಿಂದಲೇ ಬರುತ್ತಿತ್ತು ಅಂತ ಆಗ ನನಗೆ ತಿಳಿಯಿತು. ನಾನೇ ಅಡುಗೆ ಮಾಡ್ಕೋತೀನಿ ಅಂತ ಇವರು ನನಗೆ ಹೇಳುತ್ತಿದ್ದದ್ದು, ನಾನು ಫೋನಿನಲ್ಲಿ ಸಾರಿನ ಅಳತೆ ಹೇಳಿಕೊಡುತ್ತಿದ್ದದ್ದು, ಎಲ್ಲ ಸುಮ್ಮನೆ. ಇವರಿಗೆ ಆ ಅಳತೆಗಳನ್ನು ನನ್ನ ದನಿಯಲ್ಲಿ ಕೇಳಿಸಿಕೊಳ್ಳಬೇಕಿತ್ತು, ಅಷ್ಟೆ.

ಮಧ್ಯಾಹ್ನ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋದೆವು. ವ್ಯಾನಿನ ಹಿಂದಿನ ಸೀಟು ಮಡಚಿ, ಕಂಬಳಿ ಹಾಸಿ, ನಾನೂ ಆಂಟಿಯೂ ಎರಡೂ ಕಡೆ ಹಿಡಿದು ಮೆಟ್ಟಿಲು ಹತ್ತಿಸಿದ ಇವರನ್ನು ಮಲಗಿಸಿಕೊಂಡು ನಾನೇ ಡ್ರೈವ್ ಮಾಡಿದೆ. ತಿರುವು ಬಂದಾಗಲೆಲ್ಲ ಹಿಂದಿನಿಂದ ಒಂದು ಸಣ್ಣ ನರಳಾಟ. ಗರ್ಭಗುಡಿಯವರೆಗೆ ನಡೆಯುವುದು ಇವರಿಂದ ಆಗಲಿಲ್ಲ. ನಾನೂ ಮಕ್ಕಳೂ ದರ್ಶನ ಮಾಡಿ, ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಗೊಳ್ಳಲು ಸಾಲಿನಲ್ಲಿ ನಿಂತೆವು. ಹಿಂದೆಲ್ಲ ಅಲ್ಲಿ ಕನ್ನಡ ಕೇಳಿದವರು ಯಾವೂರು ಅಂತ ಮೊದಲು ಕೇಳುತ್ತಿದ್ದರು. ಆ ವರ್ಷ ನನ್ನ ಹಿಂದೆ ನಿಂತಿದ್ದವರು, ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡಿದ್ದವರು, ಮನೆಯವರಿಗೆ ಪ್ರಾಜೆಕ್ಟ್ ಇದೆಯಾ, ಅಂದರೆ ಕೆಲಸ ಉಳಿದಿದೆಯಾ, ಅಂತ ಕೇಳಿದರು. ಇದೆ ಅಂದೆ. ಒಳ್ಳೇದಾಯ್ತು ಅಂದರು, ನಿಜವಾಗಿ ಒಳ್ಳೇದಾಯ್ತು ಅನ್ನುವ ದನಿಯಲ್ಲಿ. ಅವರಿಗಿರಲಿಲ್ಲ ಅಂತ ಕಾಣುತ್ತದೆ.

ಪುಳಿಯೋಗರೆ ಡಬ್ಬಿಗಳನ್ನು ಪಾರ್ಕಿಂಗ್‌ಗೆ ತಂದು ನಾಲ್ಕು ಜನರೂ ವ್ಯಾನಿನ ಹಿಂಭಾಗದಲ್ಲಿ ಕಂಬಳಿ ಮೇಲೆ ಸೇರಿಕೊಂಡು ತಿಂದೆವು. ಮಲಗಿಯೇ ಇದ್ದ ಇವರಿಗೆ ಅನಘಾ ತುತ್ತು ಮಾಡಿ ತಿನ್ನಿಸಿದಳು, ಅರ್ಧ ಕತ್ತಿಗೆ, ಅರ್ಧ ಬಾಯಿಗೆ. ಕಿಟಕಿಗಳು ಆವಿಯಿಂದ ಮಂಜಾದವು. ಹೊರಗಿನದು ಏನೂ ಕಾಣುತ್ತಿರಲಿಲ್ಲ. ಆ ಮಂಜಿನ ಮೇಲೆ ಮಕ್ಕಳು ಬೆರಳಿನಿಂದ ಒಂದು ಮನೆ ಬರೆದು, ಇದು ಅಪ್ಪನ ಮನೆ ಅಂದರು. ನಮ್ಮ ಮನೆ ಎಲ್ಲಿ ಅಂತ ಕೇಳಿದೆ. ಇದೇ ಅಂದ ಚಿನ್ಮಯ, ನನಗೆ ಅಷ್ಟೂ ಗೊತ್ತಾಗುವುದಿಲ್ಲವಲ್ಲ ಅನ್ನುವ ಹಾಗೆ.

ಭಾನುವಾರ ಇವರು ತಾವೇ ಗೋಡೆ ಹಿಡಿದು ಎದ್ದು ನಿಂತರು. ಊಟ ಮಾಡಿ ನಾವು ಹೊರಡಬೇಕಿತ್ತು. ಚಿನ್ಮಯ ಶೂ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಒಂದು ಹಾಕಿದರೆ ಇನ್ನೊಂದು ಕಳಚುತ್ತಿದ್ದ. ನಾನು ಬಾಗಿಲ ಹತ್ತಿರ ಅವನ ಜೊತೆ ಗುದ್ದಾಡುವುದನ್ನು ಆಂಟಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

"ಎಷ್ಟು ದಿನ ಹಿಂಗ ಮಾಡ್ತೀರಿ?" ಅಂತ ಕೇಳಿದರು.

"ಪರಿಸ್ಥಿತಿ ಸರಿ ಹೋಗೋವರೆಗೂ, ಆಂಟಿ. ಅಲ್ಲಿ ಮನೆ ಇದೆಯಲ್ಲ."

"ಮನಿ ಎಲ್ಲಿ ಓಡಿ ಹೋಗ್ತದವಾ? ಅಲ್ಲೇ ಇರ್ತದ. ಮಕ್ಕಳು ಅಲ್ಲೇ ಇರೂದಿಲ್ಲ." ಇಳಿದು ಬಂದು ಕಳಚಿದ ಶೂ ನನ್ನ ಕೈಗೆ ಕೊಡುತ್ತಾ, "ಕೆಳಗ ಇನ್ನೊಂದು ಖೋಲಿ ಅದ. ಹಳೇ ಸಾಮಾನು ತುಂಬೀನಿ, ತೆಗದ್ರ ಆತು. ಹುಡುಗರು ಕಲಿಯೂ ಸಾಲಿ ಎರಡು ಓಣಿ ಆಚಿಗೆ. ನೀ ಬಾ ಅಂತ ನಾ ಹೇಳಾಕತ್ತಿಲ್ಲ. ಅದ ಅಂತ ಹೇಳಿದೆ" ಅಂದರು.

ನಾನು ನಕ್ಕು, ನೋಡೋಣ ಆಂಟಿ ಅಂದೆ. ನೋಡೋಣ ಅಂದರೆ ಇಲ್ಲ ಅಂತ ಅರ್ಥ, ನಿಮಗೂ ಗೊತ್ತು. ನನಗೆ ನಾರ್ತ್‌ವಿಲ್ ಮನೆಯ ಗ್ರಾನೈಟ್ ಕಟ್ಟೆಯ ಅಡುಗೆಮನೆ ನೆನಪಾಯಿತು. ಬೇಸ್‌ಮೆಂಟಿನಲ್ಲಿ ಇದ್ದೇವೆ ಅಂತ ಮೈಸೂರಿನಲ್ಲಿ ಅತ್ತೆಗೆ ಹೇಗೆ ಹೇಳುವುದು ಅಂತ ಯೋಚನೆ ಬಂತು. ಗಂಡ ಗೋಡೆ ಹಿಡಿದುಕೊಂಡು ನಿಂತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಇಂಥದ್ದು.

ವಾಪಸ್ ಬರುವಾಗ ಮಿಷಿಗನ್ ಒಳಗೆ ಬಂದ ಸ್ವಲ್ಪದರಲ್ಲೇ ಸ್ನೋ ಶುರುವಾಯಿತು. ಅಲ್ಲಿ ಹತ್ತಿರದಲ್ಲೇ ಲೇಕ್ ಮಿಷಿಗನ್, ಹೆಸರಿಗೆ ಕೆರೆ, ನೋಡಿದರೆ ಸಮುದ್ರ. ಅದರ ಮೇಲಿಂದ ಬರುವ ಹಿಮ ಯಾವ ಸೂಚನೆಯೂ ಕೊಡದೆ ಪರದೆ ಎಳೆದ ಹಾಗೆ ಇಳಿದುಬಿಡುತ್ತದೆ. ರಸ್ತೆಯ ಗೆರೆಗಳು ಮಾಯವಾದವು. ಮಕ್ಕಳು ನಿದ್ದೆಯಲ್ಲಿದ್ದರು. ನಿಲ್ಲಿಸಲು ಭಯ, ಹೋಗಲೂ ಭಯ. ಆಗ ಎಡಗಡೆಯಿಂದ ಒಂದು ದೊಡ್ಡ ಟ್ರಕ್ ನಿಧಾನವಾಗಿ ನನ್ನನ್ನು ದಾಟಿ ಮುಂದೆ ಬಂತು. ಅದರ ಕೆಂಪು ದೀಪಗಳು ಮಾತ್ರ ಕಾಣುತ್ತಿದ್ದವು. "ಹೋಗಪ್ಪಾ, ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ" ಅಂದೆ, ಗಟ್ಟಿಯಾಗಿ. ಆ ಡ್ರೈವರ್‌ಗೆ ಕನ್ನಡಿಯಲ್ಲಿ ನಾನು ಕಂಡೆನೋ ಏನೋ, ಎಚ್ಚರಿಕೆಯ ದೀಪ ಮಿಟುಕಿಸಲು ಶುರು ಮಾಡಿ, ವೇಗ ಏರಿಸದೆ, ಸುಮಾರು ದೂರ ನನ್ನ ಮುಂದೆಯೇ ಹೋದ. ಅವನು ಬಿಟ್ಟ ಟೈರಿನ ಗುರುತಿನಲ್ಲಿ ನಾನು ಹೋದೆ. ಹಿಮ ತಿಳಿಯಾದ ಮೇಲೆ ದೀಪ ಆರಿಸಿ ತನ್ನ ಪಾಡಿಗೆ ಮುಂದೆ ಹೊರಟುಹೋದ. ಅವನ ಮುಖವನ್ನು ನಾನು ನೋಡಲಿಲ್ಲ. ಅವನಿಗೆ ಹೇಳಬೇಕಾಗಿದ್ದನ್ನು ಇವತ್ತಿಗೂ ಸಿಕ್ಕ ಸಿಕ್ಕ ಟ್ರಕ್ಕುಗಳಿಗೆ ಹೇಳುತ್ತಿದ್ದೇನೆ.

ಮನೆ ತಲುಪಿ ಬಾಗಿಲು ತೆರೆದು ದೀಪ ಹಾಕಿದೆ. ಹೀಟರ್ ಕಡಿಮೆ ಇಟ್ಟು ಹೋಗಿದ್ದರಿಂದ ಒಳಗೆಲ್ಲ ತಣ್ಣಗಿತ್ತು. ಅನಘಾ ಕೋಟು ಬಿಚ್ಚದೆ ಹಾಲಿನ ನಡುವೆ ನಿಂತು ಮೇಲಿನ ಎತ್ತರದ ಸೂರನ್ನು ನೋಡಿದಳು.

"ಅಮ್ಮ, ವೈ ಈಸ್ ಅವರ್ ಹೌಸ್ ಸೋ ಬಿಗ್?"

ಆ ಸೂರು ಎತ್ತರವಾಗಿದೆ ಅಂತಲೇ ನಾವು ಆ ಮನೆ ಕೊಂಡಿದ್ದೆವು. ಇವರಿಗೆ ಫೋನ್ ಮಾಡಿ, ಬಂದು ತಲುಪಿದೆವು ಅಂದೆ. ಆಮೇಲೆ, "ಆಂಟಿಗೆ ಆ ಇನ್ನೊಂದು ರೂಮು ಖಾಲಿ ಮಾಡೋಕೆ ಹೇಳ್ರೀ" ಅಂದೆ.

ಕ್ರಿಸ್‌ಮಸ್ ರಜೆಯಲ್ಲಿ ನಾರ್ತ್‌ವಿಲ್ ಮನೆಯನ್ನು ಬಾಡಿಗೆಗೆ ಕೊಟ್ಟು ಹೋದೆವು. ಗ್ರೌಂಡ್ ಫ್ಲೋರಿಗಿಂತ ಸ್ವಲ್ಪ ಕೆಳಗೆ ಇದೆ ಮನೆ ಅಂತ ಅತ್ತೆಗೆ ಹೇಳಿದೆ. ಬಿಸಿಲು ಬರುತ್ತಾ ಅಂತ ಮಾತ್ರ ಕೇಳಿದರು. ಬರುತ್ತೆ ಅಂದೆ. ಬರುತ್ತಿತ್ತು, ಮೇಲಿನ ಸಣ್ಣ ಕಿಟಕಿಯಿಂದ, ಮಧ್ಯಾಹ್ನದ ಹೊತ್ತು, ಒಂದು ಟವೆಲ್ ಅಗಲದಷ್ಟು. ಒಗ್ಗರಣೆಯನ್ನು ಆಂಟಿಯ ಅಡುಗೆಮನೆಯಲ್ಲೇ ಹಾಕಿಕೊಂಡೆ. ಅಲ್ಲಿ ಎರಡು ಚಳಿಗಾಲ ಕಳೆದೆವು. ಡ್ರೈವ್‌ವೇ ಮೇಲಿನ ಸ್ನೋ ಎತ್ತಿದವಳು ನಾನು. ಇವರ ಕಾಂಟ್ರಾಕ್ಟ್ ಮುಂದುವರಿಯಿತು, ಆಮೇಲೆ ಕೆಲಸ ಕಾಯಂ ಆಯಿತು. ನಾವೀಗ ಅರೋರಾದಲ್ಲಿದ್ದೇವೆ. ಇವತ್ತಿಗೂ ಆಂಟಿ ತಾವು ನಮ್ಮನ್ನು ಬಾ ಅಂತ ಕರೆಯಲೇ ಇಲ್ಲ ಅಂತಲೇ ವಾದಿಸುತ್ತಾರೆ.

ಅಲ್ಲಿಗೆ ಹೋದ ಮೇಲಿನ ಮೊದಲ ಭಾನುವಾರ ಊಟವಾಗಿ ಮಲಗಿ ಎದ್ದೆವು. ಕಾಫಿ ಕುಡಿದೆವು. ಮಕ್ಕಳಿಬ್ಬರೂ ತಾವಾಗಿಯೇ ಬಂದು ಮೆಟ್ಟಿಲ ಹತ್ತಿರ ನಿಂತರು, ಅಪ್ಪನಿಗೆ ಟಾಟಾ ಮಾಡಲು. ಇವರು ಚಾಪೆಯ ಮೇಲೆ ಕೂತೇ ಇದ್ದರು.

"ಅಪ್ಪ, ನೀನು ಹೋಗಲ್ವಾ?" ಅಂತ ಕೇಳಿದಳು ಅನಘಾ, ಅವತ್ತು ಕನ್ನಡದಲ್ಲೇ.

"ಇಲ್ಲ ಪುಟ್ಟಿ."

"ಹಾಗಾದ್ರೆ ಸಂಡೇ ಸಾಯಂಕಾಲ ಏನು ಮಾಡೋದು?"



ಏನೂ ಮಾಡಲಿಲ್ಲ. ಇವರು ಪೇಪರ್ ಓದಿದರು, ಮಕ್ಕಳು ಜಗಳವಾಡಿದರು, ನಾನು ಬಟ್ಟೆ ಮಡಚಿದೆ. ಆಮೇಲೆ ಅನ್ನ ಸಾರು ತಿಂದು ಮಲಗಿದೆವು.